‘ಅವನು ಸುಮ್ನೆ ಹಾಗೆ ಮಾತಾಡ್ತಾನೆ, ಬಿಡು’

2018ರ ಏಪ್ರಿಲ್ 23, ಸೋಮವಾರ. ಕೆನಡಾದ ಟೊರಾಂಟೊದಲ್ಲಿ ಅದರ ಹಿಂದಿನ ವಾರವಷ್ಟೇ ಹಿಮಮಳೆ ಸುರಿದು ರಸ್ತೆಯೆಲ್ಲ ಗಡ್ಡೆ ಕಟ್ಟಿತ್ತು. ಅವತ್ತು ಕೊನೆಗೂ ಬಿಸಿಲು ಬಂದಿತ್ತು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಯಂಗ್ ಸ್ಟ್ರೀಟ್‌ನ ಫುಟ್‌ಪಾತ್ ತುಂಬ ಜನ. ಊಟಕ್ಕೆ ಹೊರಟವರು, ಬಸ್ಸಿಗೆ ಕಾಯುತ್ತಿದ್ದವರು, ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ವಯಸ್ಸಾದವರು. ಫಿಂಚ್ ಅವೆನ್ಯೂ ಹತ್ತಿರ ಬಾಡಿಗೆಗೆ ತಂದ ಬಿಳಿ ವ್ಯಾನೊಂದು ಆ ಫುಟ್‌ಪಾತ್ ಹತ್ತಿತು. ಶೆಪ್ಪರ್ಡ್ ಅವೆನ್ಯೂ ಕಡೆಗೆ ಹೋಗುತ್ತಾ ಹೋಗುತ್ತಾ ಸಿಕ್ಕವರನ್ನೆಲ್ಲ ಹೊಡೆದುಹಾಕಿತು. ಹತ್ತು ಜನ ಸತ್ತರು. ಅದರಲ್ಲಿ ಎಂಟು ಜನ ಹೆಂಗಸರು. ಅತಿ ಹಿರಿಯರಿಗೆ 94 ವರ್ಷ. ಇನ್ನೂ 16 ಜನಕ್ಕೆ ಗಾಯ. ಆ ಗಾಯಾಳುಗಳಲ್ಲಿ ಒಬ್ಬ ಹೆಣ್ಣುಮಗಳು ಮೂರು ವರ್ಷಕ್ಕೂ ಜಾಸ್ತಿ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದು 2021ರಲ್ಲಿ ತೀರಿಕೊಂಡರು.

ವ್ಯಾನ್ ನಿಂತ ಮೇಲೆ ಏನಾಯಿತು ಅನ್ನುವುದರ ವಿಡಿಯೊ ಇದೆ. ಓಡಿಸಿದವನು ಕೆಳಗಿಳಿದು, ಕೈಯಲ್ಲಿದ್ದ ಏನನ್ನೋ ಪಿಸ್ತೂಲಿನ ಹಾಗೆ ಪೊಲೀಸರ ಕಡೆ ಚಾಚುತ್ತಾನೆ. ನನ್ನನ್ನು ಸಾಯಿಸು ಅಂತ ಕೂಗುತ್ತಾನೆ. ಎದುರಿಗಿದ್ದವರು ಕೆನ್ ಲಾಮ್ ಅನ್ನುವ ಕಾನ್‌ಸ್ಟೇಬಲ್. ಅವರು ತಮ್ಮ ಗಾಡಿಯ ಸೈರನ್ ಆರಿಸಿದರು. ಆ ಗಲಾಟೆಯಲ್ಲಿ ಮಾತು ಕೇಳಿಸಲಿ ಅಂತ. ಗುಂಡು ಹಾರಿಸಲಿಲ್ಲ. ಮಲಗು, ಮಲಗು ಅಂತ ಹೇಳುತ್ತಲೇ ಹತ್ತಿರ ಹೋಗಿ ಕೈಕೋಳ ತೊಡಿಸಿದರು. ಹೀಗಾಗಿ ಅವನು ಬದುಕಿದ. ಇಂಥ ಕೊಲೆಗಾರರು ಬಹಳಷ್ಟು ಸಲ ಸ್ಥಳದಲ್ಲೇ ಸಾಯುತ್ತಾರೆ. ಇವನು ಬದುಕಿದ್ದರಿಂದ ವಿಚಾರಣೆ ನಡೆಯಿತು, ನಮಗೆ ಎಷ್ಟೋ ವಿಷಯ ಗೊತ್ತಾಯಿತು.

ವ್ಯಾನ್ ಫುಟ್‌ಪಾತ್ ಹತ್ತುವ ಸ್ವಲ್ಪ ಮುಂಚೆ ಅವನು ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದ್ದ. ತಾನೊಬ್ಬ ಸೈನಿಕ, ಮೇಲಧಿಕಾರಿಗೆ ವರದಿ ಒಪ್ಪಿಸುತ್ತಿದ್ದೇನೆ ಅನ್ನುವ ಧಾಟಿ. ‘ಇನ್‌ಸೆಲ್’ಗಳ ದಂಗೆ ಶುರುವಾಗಿದೆ ಅಂತ ಬರೆದು, ನಾಲ್ಕು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಆರು ಜನರನ್ನು ಕೊಂದ ಇನ್ನೊಬ್ಬನಿಗೆ ಜೈಕಾರ ಹಾಕಿದ್ದ. ಹೆಣ್ಣು ತಮಗೆ ಸಿಗುತ್ತಿಲ್ಲ, ಅದಕ್ಕೆ ಹೆಣ್ಣುಗಳೇ ಕಾರಣ ಅಂತ ನಂಬಿ, ಆ ಸಿಟ್ಟಿನ ಮೇಲೇ ಒಂದಾಗಿರುವ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು ಇನ್‌ಸೆಲ್. ಆ ಹೆಸರಿನ ಕೂಟವನ್ನು 1990ರ ದಶಕದಲ್ಲಿ ಶುರು ಮಾಡಿದ್ದು ಕೆನಡಾದ ಒಬ್ಬ ವಿದ್ಯಾರ್ಥಿನಿ. ಒಂಟಿತನದಲ್ಲಿ ನರಳುವ ಗಂಡಸರು, ಹೆಂಗಸರು ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಲಿ ಅಂತ. ಆಮೇಲೆ ಅವರು ಅದರಿಂದ ದೂರ ಸರಿದರು. ವರ್ಷಗಳು ಕಳೆದಂತೆ ಅಲ್ಲಿ ಸಮಾಧಾನ ಹೋಗಿ ದ್ವೇಷ ಉಳಿಯಿತು.

ಟೊರಾಂಟೊದ ತೀರ್ಪು ಬಂದದ್ದು 2021ರ ಮಾರ್ಚ್ 3ರಂದು. ನ್ಯಾಯಾಧೀಶೆ ಆನ್ ಮೊಲೊಯ್. ಅವರು ತೀರ್ಪಿನಲ್ಲಿ ಆರೋಪಿಯ ಹೆಸರನ್ನೇ ಹೇಳಲಿಲ್ಲ. ‘ಜಾನ್ ಡೋ’ ಅಂದರು, ಅಂದರೆ ಯಾರೋ ಒಬ್ಬ. ಅವನಿಗೆ ಆಟಿಸಂ ಇದೆ, ತಾನು ಮಾಡಿದ್ದು ತಪ್ಪು ಅಂತ ತಿಳಿಯುವ ಶಕ್ತಿ ಇರಲಿಲ್ಲ ಅನ್ನುವ ವಾದವನ್ನು ತಳ್ಳಿಹಾಕಿದರು. ಆಟಿಸಂ ಇರುವ ಲಕ್ಷಾಂತರ ಜನ ಯಾರಿಗೂ ಕೇಡು ಬಯಸದೆ ಬದುಕುತ್ತಾರೆ, ಆ ವಾದ ಗೆದ್ದಿದ್ದರೆ ಅವರೆಲ್ಲರಿಗೂ ಅನ್ಯಾಯವಾಗುತ್ತಿತ್ತು. ಮುಂದಿನ ವರ್ಷ ಜೂನ್‌ನಲ್ಲಿ ಜೀವಾವಧಿ ಶಿಕ್ಷೆ ಆಯಿತು. 25 ವರ್ಷ ಪರೋಲ್ ಕೇಳುವ ಹಾಗಿಲ್ಲ.

ಆ ತೀರ್ಪಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವನು ಪೊಲೀಸರ ಮುಂದೆ ಗಂಟೆಗಟ್ಟಲೆ ಹೇಳಿದ ಇನ್‌ಸೆಲ್ ಕಥೆಯಲ್ಲಿ ಬಹಳಷ್ಟು ಉತ್ಪ್ರೇಕ್ಷೆ ಇತ್ತು ಅಂತ ನ್ಯಾಯಾಧೀಶರು ಕಂಡುಕೊಂಡರು. ಅವನಿಗೆ ಬೇಕಿದ್ದದ್ದು ಹೆಸರು, ಕುಖ್ಯಾತಿಯಾದರೂ ಸರಿ. ಹೆಚ್ಚು ಜನ ತನ್ನ ಬಗ್ಗೆ ಮಾತಾಡಲಿ ಅಂತ ಆ ಕೂಟದ ಹೆಗಲೇರಿದ. ಇದನ್ನು ಓದಿ ಕೆಲವರು, ‘ನೋಡಿ, ಇದಕ್ಕೂ ಸ್ತ್ರೀದ್ವೇಷಕ್ಕೂ ಸಂಬಂಧವೇ ಇಲ್ಲ’ ಅಂದರು. ನನಗೆ ಅದು ಉಲ್ಟಾ ಕಾಣುತ್ತದೆ. ಹೆಣ್ಣುಮಕ್ಕಳನ್ನು ಕೊಂದರೆ ಚಪ್ಪಾಳೆ ತಟ್ಟುವವರು ಇದ್ದಾರೆ, ನನ್ನನ್ನು ವೀರ ಅನ್ನುವವರು ಇದ್ದಾರೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಪ್ರೇಕ್ಷಕರು ಸಿದ್ಧವಾಗಿ ಕೂತಿದ್ದರು. ಅವನು ವೇದಿಕೆ ಹತ್ತಿದ, ಅಷ್ಟೇ. ಹಾಗೆ ಪ್ರೇಕ್ಷಕರನ್ನು ಕೂರಿಸಿದ್ದು ಯಾರು ಅನ್ನುವುದೇ ನನ್ನ ಪ್ರಶ್ನೆ.

ಮೊಲೊಯ್ ಅವರ ದಾರಿಯನ್ನೇ ನಾನೂ ಹಿಡಿಯುತ್ತೇನೆ. ಈ ಬರಹದಲ್ಲಿ ಯಾವ ಕೊಲೆಗಾರನ ಹೆಸರೂ ಬರುವುದಿಲ್ಲ.

ಆ ಫೇಸ್‌ಬುಕ್ ಪೋಸ್ಟ್ ಜೈಕಾರ ಹಾಕಿದ್ದು ಯಾರಿಗೆ ಅಂತ ನೋಡೋಣ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಪಕ್ಕ ಐಲಾ ವಿಸ್ಟಾ ಅನ್ನುವ ಚಿಕ್ಕ ಊರಿದೆ. ಸಮುದ್ರದ ದಡ, ವಿದ್ಯಾರ್ಥಿಗಳೇ ತುಂಬಿರುವ ಊರು. ಅಲ್ಲಿ 22 ವರ್ಷದ ಒಬ್ಬ ಹುಡುಗ ಇದ್ದ. ಬಡತನ ಅಂತ ಹೇಳುವ ಹಾಗಿರಲಿಲ್ಲ, ಓಡಾಡಲು ಬಿಎಂಡಬ್ಲ್ಯೂ ಕಾರಿತ್ತು. ಹುಡುಗಿಯರು ತನ್ನ ಕಡೆ ತಿರುಗಿ ನೋಡುವುದಿಲ್ಲ ಅನ್ನುವುದೇ ಅವನ ದೊಡ್ಡ ದೂರು. ಅವನು ಯಾರನ್ನಾದರೂ ಮಾತಾಡಿಸಿ ಬೇಡ ಅನ್ನಿಸಿಕೊಂಡದ್ದು ಬಹಳ ಕಡಿಮೆ. ಹುಡುಗಿಯರೇ ಬಂದು ಮಾತಾಡಿಸಬೇಕಿತ್ತು, ಮಾತಾಡಿಸಲಿಲ್ಲ, ಅದೇ ಅವರ ಅಪರಾಧ ಅನ್ನುವುದು ಅವನ ಲೆಕ್ಕ. ತನಗೆ ಸಿಗಬೇಕಾದದ್ದು ಬೇರೆಯವರಿಗೆ ಸಿಗುತ್ತಿದೆ ಅನ್ನುವ ಉರಿ. ಆ ಉರಿ ಹುಡುಗಿಯರ ಮೇಲಷ್ಟೇ ಇರಲಿಲ್ಲ. ಅವರ ಜೊತೆ ನಗುತ್ತಾ ಓಡಾಡುವ ಹುಡುಗರ ಮೇಲೂ ಇತ್ತು, ಕಪ್ಪು ಜನರ ಮೇಲೆ, ಏಷ್ಯಾದವರ ಮೇಲೆ ಜನಾಂಗದ್ವೇಷವಾಗಿಯೂ ಇತ್ತು. ಅವನ ತಾಯಿಯ ಕಡೆಯವರೇ ಏಷ್ಯಾ ಮೂಲದವರು.

ಅವನು ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕುತ್ತಿದ್ದ. ಅದನ್ನು ನೋಡಿ ತಾಯಿ ಗಾಬರಿಯಾದರು. ವಿಷಯ ಪೊಲೀಸರವರೆಗೆ ಹೋಯಿತು. 2014ರ ಏಪ್ರಿಲ್ 30ರಂದು ಪೊಲೀಸರು ಅವನ ಮನೆ ಬಾಗಿಲಿಗೆ ಬಂದರು. ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. ಏನೋ ತಪ್ಪು ತಿಳಿವಳಿಕೆ ಅಂದ. ಪೊಲೀಸರು ಆ ವಿಡಿಯೊಗಳನ್ನು ನೋಡಿರಲಿಲ್ಲ. ಇವನ ಹೆಸರಿನಲ್ಲಿ ಬಂದೂಕು ಇದೆಯಾ ಅಂತ ದಾಖಲೆಯಲ್ಲಿ ಹುಡುಕಲಿಲ್ಲ. ಕೋಣೆಯೊಳಗೆ ಕಾಲಿಡಲಿಲ್ಲ. ಒಳಗೆ ಕಾನೂನುಬದ್ಧವಾಗಿಯೇ ಕೊಂಡ ಪಿಸ್ತೂಲುಗಳಿದ್ದವು, ಬರೆದಿಟ್ಟ ಯೋಜನೆ ಇತ್ತು. ಅವತ್ತು ಅವರು ಕೋಣೆ ಹುಡುಕಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ.

ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಮೇ 23ರಂದು ಅವನು ಮೊದಲು ಕೊಂದದ್ದು ತನ್ನ ಮನೆಯಲ್ಲೇ, ಮೂವರು ಹುಡುಗರನ್ನು, ಚಾಕುವಿನಿಂದ. ಆಮೇಲೆ ಒಂದು ವಿಡಿಯೊ ಅಪ್‌ಲೋಡ್ ಮಾಡಿದ. ನೂರಕ್ಕೂ ಹೆಚ್ಚು ಪುಟದ ಆತ್ಮಕಥೆಯನ್ನು ಅಪ್ಪ, ಅಮ್ಮ, ಚಿಕಿತ್ಸಕರು ಸೇರಿ ಹಲವರಿಗೆ ಇಮೇಲ್ ಮಾಡಿದ. ಕಾರು ಹತ್ತಿ ವಿದ್ಯಾರ್ಥಿನಿಯರು ಒಟ್ಟಾಗಿ ವಾಸಿಸುವ ಒಂದು ಮನೆಗೆ ಹೋದ. ಒಳಗೆ ನುಗ್ಗುವುದು ಅವನ ಉದ್ದೇಶ. ಬಾಗಿಲು ಜೋರಾಗಿ ತಟ್ಟಿದ, ತಟ್ಟುತ್ತಲೇ ಇದ್ದ. ಆ ತಟ್ಟುವ ರೀತಿಯೇ ಸರಿ ಇರಲಿಲ್ಲವೇನೋ, ಒಳಗಿದ್ದವರು ತೆಗೆಯಲಿಲ್ಲ. ಬಾಗಿಲು ತೆಗೆದಿದ್ದರೆ ಎಷ್ಟು ಜನ ಹೋಗುತ್ತಿದ್ದರೋ. ಹೊರಗೆ ಹುಲ್ಲಿನ ಮೇಲೆ ನಡೆದು ಹೋಗುತ್ತಿದ್ದ ಮೂವರ ಮೇಲೆ ಗುಂಡು ಹಾರಿಸಿದ. ಇಬ್ಬರು ಹುಡುಗಿಯರು ಸತ್ತರು. ಹತ್ತಿರದ ಅಂಗಡಿಯೊಂದರಲ್ಲಿ ಇನ್ನೊಬ್ಬ ಹುಡುಗ ಸತ್ತ. ಒಟ್ಟು ಆರು ಜೀವ, 14 ಜನಕ್ಕೆ ಗಾಯ. ಕೊನೆಗೆ ತನ್ನನ್ನೂ ಕೊಂದುಕೊಂಡ. ಇಮೇಲ್ ನೋಡಿದ ಅಪ್ಪ ಅಮ್ಮ ಲಾಸ್ ಏಂಜಲೀಸ್ ಕಡೆಯಿಂದ ಅವನನ್ನು ತಡೆಯಲು ಕಾರಿನಲ್ಲಿ ಓಡೋಡಿ ಬರುತ್ತಿದ್ದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ತಾಯಿಯ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಮಗನ ಬಗ್ಗೆ ಪೊಲೀಸರಿಗೆ ಸುದ್ದಿ ಹೋಗುವ ಹಾಗೆ ಮಾಡುವುದು ಯಾವ ತಾಯಿಗೂ ಸುಲಭವಲ್ಲ. ಅವರು ಮಾಡಿದರು. ಆಗ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮಗನ ಬಂದೂಕು ತೆಗೆಸಲು ಮನೆಯವರಿಗೆ ನೇರ ದಾರಿ ಇರಲಿಲ್ಲ. ಆಮೇಲೆ ಒಂದು ಕಾನೂನು ಬಂತು, 2016ರ ಜನವರಿಯಿಂದ ಜಾರಿಯಾಯಿತು. ಮನೆಯವರೇ ಕೋರ್ಟಿಗೆ ಹೋಗಿ, ಇವನಿಂದ ಅಪಾಯ ಇದೆ, ಇವನ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಿ ಅಂತ ಕೇಳಬಹುದು. ಕಾನೂನಿಗೆ ಕಣ್ಣು ಬಂದದ್ದು ಆರು ಜೀವ ಹೋದ ಮೇಲೆ.

ಐಲಾ ವಿಸ್ಟಾದ ನಂತರ ಆಗಿದ್ದು ಇನ್ನೂ ಕೆಟ್ಟದ್ದು. ಆ ಹುಡುಗನ ವಿಡಿಯೊ, ಆ ಆತ್ಮಕಥೆ ಎಲ್ಲ ಕಡೆ ಹರಡಿತು. ಕೆಲವು ಗುಂಪುಗಳಲ್ಲಿ ಅವನನ್ನು ಸಂತ ಅಂದರು. ಅವನ ಫೋಟೊಗೆ ಪ್ರಭಾವಳಿ ಹಚ್ಚಿದರು. ನಾನೂ ಅವನ ಹಾಗೆ ಮಾಡುತ್ತೇನೆ ಅನ್ನುವುದು ಅಲ್ಲಿನ ದಿನನಿತ್ಯದ ಮಾತಾಯಿತು. ಅದನ್ನು ಓದಿದವರಲ್ಲಿ ಸಾವಿರಕ್ಕೆ ಒಬ್ಬನೂ ಏನೂ ಮಾಡುವುದಿಲ್ಲ ಅನ್ನುವುದು ನಿಜ. ಆದರೆ ಆ ಒಬ್ಬನಿಗೆ ಉಳಿದವರೆಲ್ಲ ಬೇಕು. ಅವರಿಲ್ಲದಿದ್ದರೆ ಅವನ ಪಾಲಿಗೆ ಕೊಲೆಗೆ ಅರ್ಥವೇ ಇಲ್ಲ.

ಇಂಟರ್ನೆಟ್ ಇಲ್ಲದ ಕಾಲದಲ್ಲೂ ಇಂಥದ್ದು ಆಗಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಆಗಿತ್ತು. 1989ರ ಡಿಸೆಂಬರ್ 6, ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಸೀಟು ಸಿಗದ ಒಬ್ಬ ಬಂದೂಕು ಹಿಡಿದು ತರಗತಿಗೆ ನುಗ್ಗಿದ. ಹುಡುಗರನ್ನು ಹೊರಗೆ ಕಳಿಸಿದ. ಒಂಬತ್ತು ಹುಡುಗಿಯರನ್ನು ಗೋಡೆ ಬದಿಗೆ ನಿಲ್ಲಿಸಿದ. ನೀವೆಲ್ಲ ಸ್ತ್ರೀವಾದಿಗಳು, ನನಗೆ ಸ್ತ್ರೀವಾದಿಗಳನ್ನು ಕಂಡರೆ ಆಗದು ಅಂದ. ನಥಾಲಿ ಪ್ರೊವೊ ಅನ್ನುವ ಹುಡುಗಿ, ನಾವು ಓದಲು ಬಂದವರು ಅಷ್ಟೇ ಅಂತ ತಿಳಿಸಿ ಹೇಳಲು ನೋಡಿದಳು. ಅವನು ಗುಂಡು ಹಾರಿಸಿದ. ಆಕೆ ಗುಂಡೇಟು ತಿಂದೂ ಬದುಕಿದಳು. ಮುಂದೆ ಬಂದೂಕು ನಿಯಂತ್ರಣಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಅವರು 2025ರಲ್ಲಿ ಕೆನಡಾದ ಸಂಸತ್ತಿಗೇ ಆರಿಸಿ ಬಂದರು. ಅವತ್ತು ಆ ಕಾಲೇಜಿನಲ್ಲಿ ಸತ್ತವರು 14 ಜನ, ಎಲ್ಲರೂ ಹೆಣ್ಣುಮಕ್ಕಳು. ಅವನ ಜೇಬಿನಲ್ಲಿ ಒಂದು ಪತ್ರ ಇತ್ತು. ತನ್ನ ಬಾಳು ಹಾಳಾಗಿದ್ದಕ್ಕೆ ಸ್ತ್ರೀವಾದಿಗಳೇ ಕಾರಣ ಅಂತ ಬರೆದಿದ್ದ. ಇನ್ನೂ ಯಾರ್ಯಾರನ್ನು ಕೊಲ್ಲಬೇಕಿತ್ತು ಅಂತ 19 ಹೆಂಗಸರ ಹೆಸರು ಪಟ್ಟಿ ಮಾಡಿದ್ದ.

ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ, ಅವನೊಬ್ಬ ಹುಚ್ಚ, ಅಷ್ಟೇ ಅಂತ ಹೇಳಿದವರು ಬಹಳ. ಮಾಂಟ್ರಿಯಲ್‌ನ ಸ್ಮಾರಕ ಉದ್ಯಾನದ ಫಲಕದಲ್ಲಿ ಅದೊಂದು ‘ದುರಂತ’ ಅಂತಲೇ ಇತ್ತು. ಸ್ತ್ರೀವಾದದ ವಿರುದ್ಧ ನಡೆದ ದಾಳಿ ಅಂತ ಅದನ್ನು ತಿದ್ದಿ ಬರೆದದ್ದು 2019ರಲ್ಲಿ, 30 ವರ್ಷ ಆದ ಮೇಲೆ. ಅಂದರೆ ದ್ವೇಷ ಹಳೆಯದೇ. ಆದರೆ 1989ರವನು ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಅದನ್ನು ಓದಿ ಭೇಷ್ ಅನ್ನುವವರು ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. 2018ರವನಿಗೆ ಗೊತ್ತಿತ್ತು. ವ್ಯತ್ಯಾಸ ಇರುವುದು ಅಲ್ಲಿ.

ಆ ಗುಂಪುಗಳಲ್ಲಿ ಏನು ನಡೆಯುತ್ತದೆ? ಮೊದಲು ನೋವು. ಕುಳ್ಳಗಿದ್ದೇನೆ, ಮುಖ ಚೆನ್ನಾಗಿಲ್ಲ, ಮಾತಾಡಲು ಬರುವುದಿಲ್ಲ. ಇದು ನಿಜವಾದ ನೋವೇ. ಹದಿನೇಳು ಹದಿನೆಂಟರಲ್ಲಿ ಇದನ್ನು ಅನುಭವಿಸದವರು ಯಾರಿದ್ದಾರೆ? ಆಮೇಲೆ ಆ ನೋವಿಗೆ ಒಂದು ಸಿದ್ಧಾಂತ ಸಿಗುತ್ತದೆ. ಎಲ್ಲ ತೀರ್ಮಾನವಾಗುವುದು ಮೂಳೆಯಲ್ಲಿ, ದವಡೆಯ ಅಳತೆಯಲ್ಲಿ, ಎತ್ತರದಲ್ಲಿ. ಹೆಣ್ಣುಗಳೆಲ್ಲ ಬೆರಳೆಣಿಕೆಯ ಸುಂದರಾಂಗರನ್ನೇ ಆರಿಸಿಕೊಳ್ಳುತ್ತಾರೆ. ನೀನು ಏನು ಮಾಡಿದರೂ ಪ್ರಯೋಜನವಿಲ್ಲ. ಇದಕ್ಕೆ ಅವರು ‘ಬ್ಲ್ಯಾಕ್‌ಪಿಲ್’ ಅನ್ನುತ್ತಾರೆ. ಹುಡುಗರು ತಮ್ಮ ಫೋಟೊ ಹಾಕಿ ಅಂಕ ಕೇಳುತ್ತಾರೆ. ಬೇಕಂತಲೇ ಕಡಿಮೆ ಅಂಕ ಕೊಡುತ್ತಾರೆ. ಯಾರಾದರೂ ‘ಜಿಮ್‌ಗೆ ಹೋಗ್ತಾ ಇದ್ದೀನಿ, ಸ್ವಲ್ಪ ಧೈರ್ಯ ಬಂದಿದೆ’ ಅಂದರೆ ಗೇಲಿ ಮಾಡುತ್ತಾರೆ. ಸಾಯುವ ಯೋಚನೆ ಬರುತ್ತಿದೆ ಅಂದವನಿಗೆ, ಸಾಯಿ ಅನ್ನುವವರೂ ಇದ್ದಾರೆ. ಅಲ್ಲಿಂದ ಹೊರಗೆ ಹೋಗುವ ಬಾಗಿಲನ್ನು ಒಳಗಿದ್ದವರೇ ಮುಚ್ಚುತ್ತಾರೆ. ಹೀಗೆ ಎಲ್ಲ ಆಸೆ ಸತ್ತ ಮೇಲೆ ಉಳಿಯುವುದು ಒಂದೇ, ಇದಕ್ಕೆಲ್ಲ ಕಾರಣರಾದವರು ಅನುಭವಿಸಲಿ ಅನ್ನುವುದು.

ಇದರ ಮಧ್ಯೆ ದೊಡ್ಡವರ ನಿರ್ಲಕ್ಷ್ಯವೂ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಪ್ಲಿಮತ್ ಸಾಕ್ಷಿ. ಅಲ್ಲಿನ ಒಬ್ಬ 22 ವರ್ಷದವನು ಇದೇ ಬ್ಲ್ಯಾಕ್‌ಪಿಲ್ ಮಾತುಗಳನ್ನು ಯೂಟ್ಯೂಬ್‌ನಲ್ಲಿ ಆಡುತ್ತಿದ್ದ. 2020ರಲ್ಲಿ ಪಾರ್ಕಿನಲ್ಲಿ ಇಬ್ಬರು ಹದಿಹರೆಯದವರ ಮೇಲೆ ಕೈ ಮಾಡಿದ್ದ. ಪೊಲೀಸರು ಅವನ ಶಾಟ್‌ಗನ್, ಲೈಸೆನ್ಸ್ ಎರಡನ್ನೂ ತೆಗೆದುಕೊಂಡಿದ್ದರು. 2021ರ ಜುಲೈನಲ್ಲಿ ವಾಪಸ್ ಕೊಟ್ಟರು. ಆಗಸ್ಟ್ 12ರಂದು ಅವನು ಮೊದಲು ತನ್ನ ತಾಯಿಯನ್ನು ಕೊಂದ. ಬೀದಿಗಿಳಿದು ಇನ್ನೂ ನಾಲ್ವರನ್ನು ಕೊಂದ. ಅದರಲ್ಲಿ ಒಂದು ಮೂರು ವರ್ಷದ ಮಗು. ಪೊಲೀಸರ ಲೈಸೆನ್ಸ್ ವಿಭಾಗದ್ದು ಭಾರೀ ವೈಫಲ್ಯ ಅಂತ 2023ರಲ್ಲಿ ಅಲ್ಲಿನ ಜ್ಯೂರಿ ಹೇಳಿತು.

ತಾಯಿಯನ್ನೇ ಮೊದಲು ಕೊಂದದ್ದನ್ನು ಗಮನಿಸಿ. ದ್ವೇಷದ ಮೊದಲ ಗುರಿ ಎಷ್ಟೋ ಸಲ ಮನೆಯ ಹೆಣ್ಣೇ. ಇಂಟರ್ನೆಟ್‌ನಲ್ಲಿ ಹೆಣ್ಣುಕುಲವನ್ನೆಲ್ಲ ಬೈಯುವವನು ಮನೆಯಲ್ಲಿ ಅಮ್ಮನ ಜೊತೆ, ಅಕ್ಕತಂಗಿಯರ ಜೊತೆ ಹೇಗಿರುತ್ತಾನೆ ಅಂತ ಕೇಳಿದರೆ ಎಷ್ಟೋ ತಿಳಿಯುತ್ತದೆ.

ನಮ್ಮಲ್ಲಿ ಬಂದೂಕು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದು ನಮ್ಮ ಪುಣ್ಯ. ಇಲ್ಲಿ ಚಾಕು, ಆ್ಯಸಿಡ್, ಪೆಟ್ರೋಲ್. ಒಂದು ಸಲಕ್ಕೆ ಒಬ್ಬಳು ಹುಡುಗಿ. ‘ಪ್ರೀತಿ ನಿರಾಕರಿಸಿದ್ದಕ್ಕೆ’ ಅಂತ ಶುರುವಾಗುವ ಸುದ್ದಿಯನ್ನು ಕನ್ನಡ ಪೇಪರು ಓದುವ ಯಾರೂ ಓದದೆ ಇಲ್ಲ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿ ಚಾಕು ಇರಿತಕ್ಕೆ ಬಲಿಯಾದಳು. ಮರುದಿನದಿಂದ ರಾಜಕೀಯದವರು ಧರ್ಮದ ಲೆಕ್ಕ ಹಾಕಿದರು. ಹುಡುಗಿಗೆ ಬೇಡ ಅನ್ನುವ ಹಕ್ಕಿತ್ತು ಅನ್ನುವ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು. ಇಂಥ ಯಾವ ಸುದ್ದಿಯ ಕೆಳಗಾದರೂ ಕಾಮೆಂಟ್ ಓದಿ ನೋಡಿ. ‘ಅವಳು ಏನು ಮಾಡಿದ್ದಳೋ ಯಾರಿಗೆ ಗೊತ್ತು’, ‘ದುಡ್ಡು ತಿಂದು ಕೈ ಕೊಟ್ಟಿರ್ತಾಳೆ’. ಅದಕ್ಕೆ ನೂರಾರು ಲೈಕ್. ಒಂದು ಜೀವ ಹೋಗಿರುತ್ತದೆ, ಹೆಣ ಇನ್ನೂ ಆಸ್ಪತ್ರೆಯಲ್ಲಿರುತ್ತದೆ.

2022ರ ಜನವರಿ 1ರಂದು ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಹರಾಜಿಗಿಟ್ಟ ‘ಬುಲ್ಲಿ ಬಾಯಿ’ ಆ್ಯಪ್ ನೆನಪಿದೆಯಾ? ಪತ್ರಕರ್ತೆಯರು, ಹೋರಾಟಗಾರ್ತಿಯರು, ಧೈರ್ಯವಾಗಿ ಮಾತಾಡುವ ಎಷ್ಟೋ ಹೆಂಗಸರ ಫೋಟೊ ಅದರಲ್ಲಿತ್ತು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಉತ್ತರಾಖಂಡದ 18 ವರ್ಷದ ಹುಡುಗಿಯೂ ಇದ್ದಳು. ಅಲ್ಲಿ ಯಾರೂ ಸಾಯಲಿಲ್ಲ, ನಿಜ. ಆದರೆ ಹೆಣ್ಣನ್ನು ಮನುಷ್ಯಳಲ್ಲ ಅಂತ ಮಾಡಿ ಸಾವಿರಾರು ಜನರ ಮುಂದೆ ನಿಲ್ಲಿಸಿ ನಗುವುದು ಆ ದಾರಿಯ ಮೊದಲ ಮೈಲಿಗಲ್ಲು. ಅಲ್ಲಿ ನಕ್ಕವರೆಲ್ಲ ಪ್ರೇಕ್ಷಕರೇ ಅಲ್ವಾ?

ಹಾಗಂತ ಒಂಟಿ ಗಂಡಸರೆಲ್ಲ ಅಪಾಯ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಂಡ್ಯ ಕಡೆ ಬನ್ನಿ. ಮೂವತ್ತು ದಾಟಿದ, ಮೂವತ್ತೈದು ದಾಟಿದ, ಹೆಣ್ಣು ಸಿಗದ ಗಂಡುಮಕ್ಕಳು ಊರಿಗೆ ಹತ್ತಾರು ಜನ ಇದ್ದಾರೆ. ಎರಡು ಎಕರೆ ಕಬ್ಬಿನ ಗದ್ದೆ, ತಲೆ ಮೇಲೆ ಸೊಸೈಟಿ ಸಾಲ. ರೈತನಿಗೆ ಹೆಣ್ಣು ಕೊಡುವವರಿಲ್ಲ. ಮದುವೆ ಬ್ರೋಕರ್‌ಗಳು ದುಡ್ಡು ತಿಂದದ್ದೇ ಬಂತು. 2023ರ ಫೆಬ್ರವರಿಯಲ್ಲಿ ಇಂಥವರೇ ಒಂದಷ್ಟು ಜನ ಸೇರಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಅಂತ ಟೀವಿಯವರು ನಕ್ಕರು. ನನಗೆ ನಗು ಬರಲಿಲ್ಲ. ಊರಿನ ಮುಂದೆ, ಕ್ಯಾಮೆರಾ ಮುಂದೆ, ನನಗೆ ಹೆಣ್ಣು ಸಿಕ್ಕಿಲ್ಲ ಅಂತ ಹೇಳಿಕೊಂಡು ಬಿಸಿಲಲ್ಲಿ ನಡೆಯಲು ಗುಂಡಿಗೆ ಬೇಕು. ಯಾರನ್ನೂ ಬೈಯಲಿಲ್ಲ, ಮಾದಪ್ಪನಿಗೆ ಹರಕೆ ಹೊತ್ತರು. ಟೊರಾಂಟೊದವನಿಗೂ ಇವರಿಗೂ ಇದ್ದ ಕೊರತೆ ಒಂದೇ. ಇವರ ಜೊತೆ ನಡೆದವರು ಬೇರೆ ಥರದವರು.

ಅವತ್ತು ಕೆಲವರು ಇನ್ನೊಂದು ಮಾತನ್ನೂ ಎತ್ತಿದರು. ಹೆಣ್ಣು ಸಿಗುವುದಿಲ್ಲ ಅಂತೀರಲ್ಲ, ಹೊಟ್ಟೆಯಲ್ಲೇ ಹೆಣ್ಣುಕೂಸನ್ನು ಕೊಂದವರು ಯಾರು ಅಂತ. ಅದೇ ವರ್ಷದ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡಿ ಭ್ರೂಣ ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಬೆಲ್ಲ ಬೇಯಿಸುವ ಜಾಗದಲ್ಲಿ. ಇದನ್ನು ಓದಿದ ಮೇಲೂ ‘ಈಗಿನ ಹುಡುಗಿಯರಿಗೆ ದುರಹಂಕಾರ’ ಅನ್ನುವವರಿಗೆ ನಾನು ಏನು ಹೇಳಲಿ?

ನನ್ನ ಜೊತೆ ಓದಿದ ಒಬ್ಬ ಗೆಳೆಯ ಇದ್ದಾನೆ, ಅದೇ ಕಡೆಯವನು. ಒಳ್ಳೆಯ ಕೆಲಸಗಾರ. ಹೆಣ್ಣು ನೋಡಿ ನೋಡಿ ಸೋತಿದ್ದ. ನಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊದಲು ತಮಾಷೆ ಫಾರ್ವರ್ಡ್ ಹಾಕುತ್ತಿದ್ದ. ಬರುಬರುತ್ತಾ ಅದರ ಧಾಟಿ ಬದಲಾಯಿತು. ಹೆಂಡತಿ ಮೋಸ ಮಾಡಿದಳು, ಹುಡುಗಿ ದುಡ್ಡಿಗಾಗಿ ಬಿಟ್ಟು ಹೋದಳು, ಇಂಥದ್ದೇ ವಿಡಿಯೊ. ಒಂದು ರಾತ್ರಿ, ಎಲ್ಲೋ ಒಬ್ಬ ಹುಡುಗಿಗೆ ಚಾಕು ಹಾಕಿದ ಸುದ್ದಿ ಹಾಕಿ, ‘ಸರಿಯಾಗೇ ಮಾಡಿದ್ದಾನೆ, ಒಬ್ಬಳಿಗೆ ಆದ್ರೆ ನೂರು ಜನ ಕಲೀತಾರೆ’ ಅಂತ ಬರೆದ. ಇಬ್ಬರು ನಗುವ ಇಮೋಜಿ ಹಾಕಿದರು. ಗ್ರೂಪಿನಲ್ಲಿದ್ದ ಹುಡುಗಿಯರು ಸದ್ದಿಲ್ಲದೆ ಹೊರಗೆ ಹೋದರು. ನಾನು ಒಬ್ಬನಿಗೆ ಫೋನ್ ಮಾಡಿ, ಏನಿದು ಅಂದೆ. ‘ಅವನು ಸುಮ್ನೆ ಹಾಗೆ ಮಾತಾಡ್ತಾನೆ, ಬಿಡು ಮಗಾ’ ಅಂದ.

ನಾವಿಬ್ಬರು ಸೇರಿ ಒಂದು ಭಾನುವಾರ ಅವನ ಮನೆಗೆ ಹೋದೆವು. ಅವನ ಅವ್ವ ಬಾಗಿಲಲ್ಲೇ ಸಿಕ್ಕಿದರು. ‘ಬಂದ್ರಾ ಬನ್ನಿ. ಒಸಿ ಬುದ್ಧಿ ಏಳ್ರಪ್ಪ. ರಾತ್ರಿ ಎಲ್ಲಾ ಆ ಪೋನೇ ನೋಡ್ತಾ ಕುಂತಿರ್ತನೆ. ಮಾತಾಡ್ಸಿದ್ರೆ ನನ್ಮೇಲೇ ಎಗರಾಡ್ತನೆ’ ಅಂದರು. ಇದನ್ನು ಕೇಳಿದಾಗ ನನಗೆ ಪ್ಲಿಮತ್ ನೆನಪಾಯಿತು. ಹೋಲಿಕೆ ದೂರದ್ದು, ಗೊತ್ತು. ಅವನ ಹತ್ತಿರ ಬಂದೂಕಿಲ್ಲ, ಯೋಜನೆ ಇಲ್ಲ. ಆದರೂ ಎದೆ ಝಲ್ಲೆಂದಿತು.

ಗದ್ದೆ ಬದುವಿನ ಮೇಲೆ ಕೂತು ಕತ್ತಲಾಗುವವರೆಗೆ ಮಾತಾಡಿದೆವು. ಬೈಯಲಿಲ್ಲ. ‘ಲೋ, ಹುಡುಗಿ ನೋಡಕ್ಕೆ ಹೋದಾಗ ಏನಾಯ್ತು ಹೇಳು’ ಅಂತ ಮಾತ್ರ ಕೇಳಿದೆ. ಒಂದೊಂದೇ ಹೇಳಿದ. ಒಂದು ಮನೆಯಲ್ಲಿ ಹುಡುಗಿಯ ಅಪ್ಪ, ಬೆಂಗಳೂರಲ್ಲಿ ಸೈಟ್ ಇದೆಯಾ ಅಂತ ಕೇಳಿ ಕಾಫಿ ಕೊಡುವ ಮುಂಚೆಯೇ ಕಳಿಸಿದ್ದ. ಇನ್ನೊಂದು ಕಡೆ ಸೋದರಮಾವ, ಕೈಗೆ ಬರೋ ಸಂಬಳ ಇಲ್ಲವಲ್ಲ ಅಂದಿದ್ದ. ಮತ್ತೊಂದು ಕಡೆ ಜಾತಕ ಕೂಡಲಿಲ್ಲ. ಹುಡುಗಿಯರು ಏನಂದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹುಡುಗೀರ ಜೊತೆ ಮಾತಾಡೋಕೆ ಯಾರು ಬಿಟ್ರು?’ ಅಂದ. ಅವನನ್ನು ಬೇಡ ಅಂದವರೆಲ್ಲ ಗಂಡಸರು. ಅವನ ಸಿಟ್ಟೆಲ್ಲ ಹೆಂಗಸರ ಮೇಲೆ. ಆ ಸಿಟ್ಟಿಗೆ ದಿಕ್ಕು ತೋರಿಸಿದ್ದು ರಾತ್ರಿಯೆಲ್ಲ ನೋಡುತ್ತಿದ್ದ ಆ ವಿಡಿಯೊಗಳು. ಒಂದು ನೋಡಿದರೆ ಅದೇ ಥರದ್ದು ಇನ್ನೊಂದು ಬರುತ್ತದೆ, ಮುಗಿಯುವುದೇ ಇಲ್ಲ. ಅವನ ಫೋನಿನಲ್ಲಿ ಬೆರಳಿನಿಂದ ಸರಿಸುತ್ತಾ ಹೋದೆ. ಒಂದರಲ್ಲೂ ಆ ಅಪ್ಪನ ಬಗ್ಗೆ, ಆ ಸೋದರಮಾವನ ಬಗ್ಗೆ, ಕಬ್ಬಿನ ಬಾಕಿ ಬಗ್ಗೆ ಮಾತಿರಲಿಲ್ಲ. ಎಲ್ಲದರಲ್ಲೂ ಹುಡುಗಿಯರೇ.

ಹೊರಡುವಾಗ ಅವನ ಫೋನಿನಲ್ಲಿ 14416 ಅಂತ ಒಂದು ನಂಬರ್ ಸೇವ್ ಮಾಡಿ ಬಂದೆ. ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದ್ವೇಷ ಒಂದು ಕಾಯಿಲೆ ಅಂತಲ್ಲ. ಟೊರಾಂಟೊದ ಕೋರ್ಟು ಆ ನೆಪವನ್ನು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ನಿದ್ದೆ ಬರದ ರಾತ್ರಿಯಲ್ಲಿ ಆ ವಿಡಿಯೊಗಳ ಬದಲು ಮಾತಾಡಲು ಒಬ್ಬ ಮನುಷ್ಯ ಇರಲಿ ಅಂತ ಅಷ್ಟೇ. ಯಾರಾದರೂ ಇಂಥವಳನ್ನು, ಇಂಥ ಕಡೆ, ಹೀಗೆ ಮಾಡುತ್ತೇನೆ ಅಂತ ಹೇಳಿದರೆ ಆಗ ಸಹಾಯವಾಣಿಯ ಮಾತು ಮುಗಿಯಿತು. ಅದು 112ಕ್ಕೆ ಹೋಗಬೇಕಾದ ವಿಷಯ. ಗೆಳೆಯನಾದರೂ ಸರಿ, ತಮ್ಮನಾದರೂ ಸರಿ.

ಆ ಗ್ರೂಪಿನಲ್ಲಿ ನಾನು ಒಂದು ಮಾತು ಬರೆದೆ. ಚಾಕು ಹಾಕಿದ ಸುದ್ದಿಗೆ ನಕ್ಕವರು ಯಾಕೆ ನಕ್ಕಿರಿ ಅಂತ ಇಲ್ಲೇ ಹೇಳಿ ಅಂತ. ಒಬ್ಬ ಇಮೋಜಿ ಅಳಿಸಿದ. ಇನ್ನೊಬ್ಬ ನನಗೆ ಫೋನ್ ಮಾಡಿ ಜಗಳ ಆಡಿದ, ಈಗಲೂ ಮಾತು ಬಿಟ್ಟಿದ್ದಾನೆ. ಹೊರಗೆ ಹೋದ ಹುಡುಗಿಯರು ವಾಪಸ್ ಬರಲಿಲ್ಲ, ಬರಬೇಕು ಅಂತ ನಾನು ಕೇಳಲೂ ಇಲ್ಲ. ನನ್ನ ಗೆಳೆಯ ಈಗಲೂ ಒಮ್ಮೊಮ್ಮೆ ಅಂಥದ್ದೇ ಏನಾದರೂ ಫಾರ್ವರ್ಡ್ ಮಾಡುತ್ತಾನೆ, ಮೊದಲಿನಷ್ಟಲ್ಲ. ಬಂದಾಗಲೆಲ್ಲ ಗ್ರೂಪಿನಲ್ಲೇ ‘ಇದು ಸರಿಯಿಲ್ಲ’ ಅಂತ ಬರೆದು ಅವನಿಗೆ ಫೋನ್ ಮಾಡುತ್ತೇನೆ. ಕೆಲವು ಸಲ ಎತ್ತುತ್ತಾನೆ.